ಪರಸ್ಥಳದಲ್ಲಿರುವ ಮಕ್ಕಳ ಯೋಗಕ್ಷೇಮ

ಮನೆಯ ಹುಡುಗನೋ ಹುಡುಗಿಯೋ ಮೊದಲ ಬಾರಿಗೆ ದೂರದೂರಿಗೆ ಹೊರಟಾಗ ಎಷ್ಟೊಂದು ಸಿದ್ಧತೆ ನಡೆಯುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಉಣ್ಣೆಯ ಅಂಗಿ, ನೆಗಡಿ ಜ್ವರದ ಮಾತ್ರೆ, ದೇವರ ಪ್ರಸಾದ ಒಂದೂ ಮರೆತುಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದೊಂದು ಮಾತ್ರ ಬಸ್ಸು ಹೊರಡುವ ಗಳಿಗೆಗೆ ಉಳಿದಿರುತ್ತದೆ. ಕಿಟಕಿಯ ಬಳಿ ನಿಂತ ತಾಯಿ, "ಆಗಾಗ ಫೋನ್ ಮಾಡ್ತಾ ಇರಪ್ಪ" ಎನ್ನುತ್ತಾಳೆ. "ಆಗಲಮ್ಮ, ಮಾಡ್ತೀನಿ" ಎನ್ನುತ್ತಾನೆ ಮಗ. ಅಲ್ಲಿಗೆ ಒಪ್ಪಂದ ಮುಗಿಯಿತು. 'ಆಗಾಗ' ಎಂದರೆ ತಾಯಿಯ ಲೆಕ್ಕದಲ್ಲಿ ದಿನಕ್ಕೆರಡು ಸಲ, ಮಗನ ಲೆಕ್ಕದಲ್ಲಿ ವಾರಕ್ಕೊಂದು ಸಲ. ಮೂರನೆಯ ದಿನ ರಾತ್ರಿ ಹತ್ತಕ್ಕೆ ಮನೆಯವರೆಲ್ಲ ಫೋನಿನ ಸುತ್ತ ಕುಳಿತಿರುವಾಗ ಆತ ಯಾವುದೋ ವಸತಿಗೃಹದಲ್ಲಿ ಸುಖವಾಗಿ ನಿದ್ರಿಸುತ್ತಿರುತ್ತಾನೆ.

ಸುದ್ದಿ ಬಾರದ್ದರಿಂದಲೇ ಆತಂಕ ಹುಟ್ಟುತ್ತದೆಂದು ನಾವು ಭಾವಿಸುತ್ತೇವೆ. ಸ್ವಲ್ಪ ಯೋಚಿಸಿದರೆ ವಿಷಯ ಬೇರೆಯೆಂದು ತಿಳಿಯುತ್ತದೆ. ಸುದ್ದಿ ಬಾರದಿರುವುದು ಸಹಜವೇ ಅಲ್ಲವೇ ಎಂಬುದನ್ನು ನಿರ್ಣಯಿಸಲು ಅಳತೆಗೋಲು ಇಲ್ಲದಾಗ ಮನಸ್ಸು ಕಂಗೆಡುತ್ತದೆ. ಹಿಂದಿನವರ ಬಳಿ ಈ ಅಳತೆಗೋಲು ಇತ್ತು. ಸಾಧನಗಳು ಬಡವಾಗಿದ್ದ ಕಾಲದಲ್ಲಿ ಅದು ತಾನಾಗಿಯೇ ಒದಗಿಬರುತ್ತಿತ್ತು.

ಅಂಚೆಯ ಕಾಲವನ್ನು ನೆನೆಯೋಣ. ಪ್ರಯಾಣ ಹೊರಟವನ ಕೈಗೆ ಮನೆಯ ವಿಳಾಸ ಬರೆದ ನಾಲ್ಕಾರು ಕಾರ್ಡುಗಳನ್ನು ಕೊಟ್ಟು ಕಳುಹಿಸುವ ರೂಢಿ ಅನೇಕ ಮನೆಗಳಲ್ಲಿತ್ತು. ತಲುಪಿದ ದಿನ ಎರಡು ಸಾಲು ಗೀಚಿ ಡಬ್ಬಿಗೆ ಹಾಕಿದರಾಯಿತು. ೧೯೫೦ರಲ್ಲಿ ನೀಲಿಯ ಇನ್‌ಲ್ಯಾಂಡ್ ಲೆಟರು ಬಂದ ಮೇಲೆ, ಕಾರ್ಡಿನಲ್ಲಿ ಬರೆದರೆ ಅಂಚೆಯವನೂ ಓದಿಬಿಡುತ್ತಾನೆಂಬ ಸಂಕೋಚವೂ ತಪ್ಪಿತು. ಕಾಗದದ ಒಕ್ಕಣೆಯಂತೂ ಎಲ್ಲರಿಗೂ ಬಾಯಿಪಾಠ: ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು. ಈ ಸಾಲನ್ನು ಬರಿಯ ಸಂಪ್ರದಾಯವೆಂದು ನಗೆಯಾಡುವವರುಂಟು. ಆದರೆ ಕಾಗದದಲ್ಲಿ ಮುಖ್ಯ ಸುದ್ದಿ ಇದ್ದದ್ದು ಅದೊಂದೇ ಸಾಲಿನಲ್ಲಿ. ಉಳಿದದ್ದೆಲ್ಲ ಮಳೆ, ಬೆಳೆ, ಮದುವೆ, ಬೆಲೆಗಳ ವಿಚಾರ. ದೆಹಲಿಯಿಂದ ಕಾಗದ ಬರಲು ನಾಲ್ಕೈದು ದಿನ ಹಿಡಿಯುತ್ತದೆಂದು ಗೊತ್ತಿದ್ದರೆ ನಾಲ್ಕು ದಿನ ಯಾರೂ ಕಾತರಪಡುತ್ತಿರಲಿಲ್ಲ. ಎಂಟನೆಯ ದಿನ ಮಾತ್ರ ತಂದೆ ಅಂಚೆಯಣ್ಣನಿಗಾಗಿ ಜಗಲಿಗೆ ಬಂದು ನಿಲ್ಲುತ್ತಿದ್ದರು.

ವಿಲಾಯತಿಗೆ ಹೋದವರ ವಿಷಯದಲ್ಲೂ ಹೀಗೆಯೇ. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಮುಂಬಯಿ ಮತ್ತು ಲಂಡನ್ ನಗರಗಳ ನಡುವೆ ಹಡಗಿನ ಟಪಾಲು ವಾರಕ್ಕೊಮ್ಮೆ ಓಡಾಡುವುದು ನಿಶ್ಚಿತ ಪದ್ಧತಿಯಾಗಿತ್ತು. ಜವಾಹರಲಾಲ ನೆಹರೂ ಅವರು ೧೯೦೫ರಲ್ಲಿ ಹ್ಯಾರೋ ಶಾಲೆ ಸೇರಿದಂದಿನಿಂದ ೧೯೧೨ರಲ್ಲಿ ಹಿಂದಿರುಗುವ ತನಕ ತಂದೆ ಮೋತಿಲಾಲರಿಗೂ ಅವರಿಗೂ ನಡೆದ ಪತ್ರವ್ಯವಹಾರ ಈ ಟಪಾಲಿನ ತಾಳಕ್ಕೆ ಹೊಂದಿಕೊಂಡಿತ್ತು. ಟಪಾಲಿನ ದಿನ ಬಂದರೆ ಬರೆಯಲೇಬೇಕು. ಹೇಳಲು ವಿಷಯವಿದೆಯೇ ಎಂಬ ಪ್ರಶ್ನೆ ಏಳುತ್ತಿರಲಿಲ್ಲ.

ಅದೇ ಹಡಗು, ಅದೇ ಟಪಾಲು ಇನ್ನೊಂದು ಮನೆಗೆ ನೆಮ್ಮದಿ ಕೊಡಲಿಲ್ಲ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ೧೯೧೪ರ ಮಾರ್ಚ್ ೧೭ರಂದು ಮದರಾಸಿನಲ್ಲಿ ಹಡಗನ್ನೇರಿದಾಗ ಅವರಿಗೆ ಇಪ್ಪತ್ತಾರು ವರ್ಷ. ಪತ್ನಿ ಜಾನಕಿ ಇನ್ನೂ ಹದಿಹರೆಯದವರು. ಮೊದಮೊದಲು ಮನೆಗೆ ಕಾಗದಗಳು ತಪ್ಪದೆ ಬರುತ್ತಿದ್ದವು. ಆ ವರ್ಷದ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ವರ್ಷಗಳು ಕಳೆದಂತೆ ಕಾಗದಗಳು ವಿರಳವಾದವು. ೧೯೧೭ರಲ್ಲಿ ರಾಮಾನುಜನ್ ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ವೇಳೆಗೆ ಬರವಣಿಗೆ ಹೆಚ್ಚುಕಡಿಮೆ ನಿಂತೇಹೋಗಿತ್ತು. ಯುದ್ಧ, ಕಾಯಿಲೆ ಎರಡನ್ನೂ ಅರ್ಥಮಾಡಿಕೊಳ್ಳಬಹುದು. ಆದರೆ ಗಂಡ ಹೆಂಡಿರು ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ಅತ್ತೆ ನಡುವೆಯೇ ತಡೆಯುತ್ತಿದ್ದರೆಂದು ಜಾನಕಿಯಮ್ಮನವರು ಮುಂದೆ ತಿಳಿಸಿದ್ದುಂಟು. ಗಂಡ ಮರೆತನೆಂದು ಇಲ್ಲಿ ಹೆಂಡತಿ ಭಾವಿಸಬೇಕು, ಹೆಂಡತಿ ಮರೆತಳೆಂದು ಅಲ್ಲಿ ಗಂಡ ಭಾವಿಸಬೇಕು. ಸಾವಿರಾರು ಮೈಲಿ ಸಮುದ್ರವನ್ನು ದಾಟಿ ಬಂದ ಕಾಗದ ಹೊಸ್ತಿಲು ದಾಟಲಿಲ್ಲ! ೧೯೧೯ರ ಮಾರ್ಚಿನಲ್ಲಿ ರಾಮಾನುಜನ್ ಮುಂಬಯಿಯಲ್ಲಿ ಇಳಿದಾಗ ತಾಯಿ ಬಂದಿದ್ದರು, ಹೆಂಡತಿ ಇರಲಿಲ್ಲ. ಆಮೇಲೆ ದಂಪತಿಗಳಿಗೆ ಜೊತೆಯಾಗಿ ದೊರೆತದ್ದು ಸುಮಾರು ಒಂದೇ ವರ್ಷ. ೧೯೨೦ರ ಏಪ್ರಿಲ್ ೨೬ರಂದು ಅವರು ತೀರಿಕೊಂಡರು.

ಈ ಕಥೆಯನ್ನು ಅತ್ತೆಯ ಮೇಲೆ ತೀರ್ಪು ಕೊಡುವುದಕ್ಕಾಗಿ ಹೇಳುತ್ತಿಲ್ಲ. ದೂರದಲ್ಲಿರುವವನಿಗೂ ಮನೆಗೂ ನಡುವೆ ಒಂದೇ ಬಾಗಿಲಿದ್ದರೆ ಆ ಬಾಗಿಲು ಮುಚ್ಚಿದಾಗ ಯಾರಿಗೂ ತಿಳಿಯುವುದಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಮಗನ ಸುದ್ದಿಯೆಲ್ಲ ತಂದೆಯ ಫೋನಿಗೆ ಬರುತ್ತದೆ. ತಾಯಿಗೆ ಅದರ ಸಾರಾಂಶ ಸಿಗುತ್ತದೆ, ಅಜ್ಜಿಗೆ ಸಾರಾಂಶದ ಸಾರಾಂಶ. ಕನಿಷ್ಠ ಇಬ್ಬರಿಗಾದರೂ ಮಗು ನೇರವಾಗಿ ಮಾತನಾಡುವಂತಿರಬೇಕು.

ತಂತಿ ಮತ್ತು ಟ್ರಂಕ್ ಕಾಲ್‌ಗಳ ವಿಚಾರವನ್ನು ಬೇಗನೆ ಮುಗಿಸಬಹುದು. ತಂತಿಯೆಂದರೆ ಸಾವಿನ ಸುದ್ದಿಯೆಂದೇ ನಮ್ಮವರ ಭಾವನೆ. ಲಕೋಟೆ ಒಡೆಯುವ ಮೊದಲೇ ಅಳು ಏಳುತ್ತಿತ್ತು. ಹೀಗಾಗಿ 'ಸುಖವಾಗಿ ತಲುಪಿದೆ' ಎಂಬ ತಂತಿಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ೨೦೧೩ರ ಜುಲೈಯಲ್ಲಿ ಆ ಸೇವೆ ನಿಂತಿತು. ೧೯೬೦ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ನೇರ ದೂರವಾಣಿ ಆರಂಭವಾಗಿ, ಮುಂದೆ ಎಸ್.ಟಿ.ಡಿ. ಅಂಗಡಿಗಳು ಬೀದಿಬೀದಿಗೆ ಬಂದವು. ರಾತ್ರಿ ದರ ಇಳಿದ ಮೇಲೆ ಅಂಗಡಿಯ ಮುಂದೆ ಸಾಲು ನಿಂತದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಮೀಟರಿನ ಅಂಕಿ ಓಡುತ್ತಿದ್ದುದರಿಂದ ಮಾತು ಚಿಕ್ಕದಾಗಿತ್ತು. ಆದರೂ ಭಾನುವಾರ ರಾತ್ರಿಯ ಕರೆ ಭಾನುವಾರ ರಾತ್ರಿಯೇ ಬರುತ್ತಿತ್ತು.

ಈಗ ಎಲ್ಲರ ಜೇಬಿನಲ್ಲಿಯೂ ಫೋನಿದೆ. ಯಾವ ಕ್ಷಣದಲ್ಲಾದರೂ ಮಾತನಾಡಬಹುದು. ಆದ್ದರಿಂದಲೇ ಮಾತನಾಡದ ಪ್ರತಿಯೊಂದು ಕ್ಷಣವೂ ವಿವರಣೆ ಕೇಳುತ್ತದೆ. ವಾಟ್ಸಾಪಿನ ಗುರುತುಗಳನ್ನು ನೋಡಿ. ಒಂದು ಟಿಕ್ ಎಂದರೆ ನಮ್ಮ ಸಂದೇಶ ಇಲ್ಲಿಂದ ಹೊರಟಿದೆ, ಆದರೆ ಆ ಫೋನನ್ನು ಇನ್ನೂ ಮುಟ್ಟಿಲ್ಲ. ಎರಡು ಟಿಕ್ ಎಂದರೆ ಮುಟ್ಟಿದೆ. ಅವು ನೀಲಿಯಾದರೆ ಓದಿಯಾಗಿದೆ. ಎರಡು ಟಿಕ್ ಬಂದರೆ ಫೋನಿಗೆ ಜೀವವಿದೆ, ಸಂಪರ್ಕವಿದೆ ಎಂದಷ್ಟೇ ತಿಳಿಯಬೇಕು. ನೀಲಿಯಾಗಿಯೂ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳುವುದು, 'ರಾತ್ರಿ ಎರಡು ಗಂಟೆಗೆ ಎಚ್ಚರವಿದ್ದೆಯಲ್ಲ, ಯಾಕೆ' ಎಂದು ವಿಚಾರಿಸುವುದು, ಇವು ಕ್ಷೇಮ ತಿಳಿಯುವ ಕ್ರಮಗಳಲ್ಲ. ಇಂಥ ವಿಚಾರಣೆ ಹೆಚ್ಚಾದ ಕಡೆ ಮಕ್ಕಳು ಆ ನೀಲಿ ಗುರುತೇ ಕಾಣದಂತೆ ಮಾಡಿಕೊಳ್ಳುತ್ತಾರೆ. ಆಗ ಇದ್ದ ಒಂದು ಉಪಯೋಗವೂ ಹೋಯಿತು.

ಇನ್ನು ಫೋನು ಏಕೆ ಮೌನವಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ರೇಡಿಯೋ ಇಟ್ಟುಕೊಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಮಧ್ಯಮ ತರಂಗದ ಕಾರ್ಯಕ್ರಮ ಗುಡ್ಡಗಳನ್ನು ಬಳಸಿಕೊಂಡು ನೆಲಕ್ಕಂಟಿದಂತೆ ದೂರದವರೆಗೆ ಸಾಗುತ್ತದೆ. ಎಫ್.ಎಂ. ಕಾರ್ಯಕ್ರಮ ಗುಡ್ಡದ ಹಿಂದಕ್ಕೆ ಹೋದೊಡನೆ ಕ್ಷೀಣಿಸುತ್ತದೆ. ಮೊಬೈಲ್ ಫೋನಿನ ತರಂಗ ಎಫ್.ಎಂ.ಗಿಂತಲೂ ಎಷ್ಟೋ ಪಟ್ಟು ಚಿಕ್ಕದು. ಟವರು ಕಣ್ಣಿಗೆ ಕಾಣುವಂತಿದ್ದರೆ ಉತ್ತಮ, ನಡುವೆ ಬೆಟ್ಟದ ಏಣು ಬಂದರೆ ತೀರಿತು. ಆದ್ದರಿಂದ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಚಾರಣ ಹೋದವರ ಫೋನು ಕಣಿವೆಗಿಳಿದಾಗ ಸಿಗದೆ, ನೆತ್ತಿಗೇರಿದಾಗ ಸಿಗುವುದು ಸೃಷ್ಟಿನಿಯಮ. ಹೀಗೆ ಸಿಗದಿರುವುದು ಅಪಾಯದ ಸೂಚನೆಯಲ್ಲ.

ಇಲ್ಲಿಯೇ ಇನ್ನೊಂದು ತೊಡಕಿದೆ. ಸಿಗ್ನಲ್ ದುರ್ಬಲವಾದ ಕಡೆ ಫೋನು ಟವರನ್ನು ಹುಡುಕುತ್ತ, ಹೆಚ್ಚು ಶಕ್ತಿಯಿಂದ ಕೂಗುತ್ತ ತನ್ನ ಬ್ಯಾಟರಿಯನ್ನು ಬೇಗನೆ ಖಾಲಿಮಾಡಿಕೊಳ್ಳುತ್ತದೆ. ಹಿಮಾಲಯದ ಚಳಿಯಲ್ಲಿ ಬ್ಯಾಟರಿಯ ಕಸುವು ಮತ್ತೂ ಕುಗ್ಗುತ್ತದೆ. ಆದ್ದರಿಂದ ನಡೆಯುವಾಗ ಫೋನನ್ನು ವಿಮಾನದ ಸ್ಥಿತಿಯಲ್ಲಿಟ್ಟು, ರಾತ್ರಿ ಹಾಸಿಗೆಯೊಳಗೆ ಮೈಶಾಖದಲ್ಲಿಟ್ಟು, ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ತೆರೆಯುವುದು ಜಾಣತನ. ಮನೆಯವರಿಗೆ ಈ ವಿಚಾರ ತಿಳಿದಿರಬೇಕು. ಇಲ್ಲವಾದರೆ ಅವನು ಬ್ಯಾಟರಿ ಉಳಿಸುತ್ತಿರುವುದನ್ನು ಇವರು ಅವಘಡವೆಂದು ತಿಳಿದಾರು. ಕರೆ ಹೋಗದ ಕಡೆಯಿಂದ ಸಾಧಾರಣ ಎಸ್.ಎಂ.ಎಸ್. ಎಷ್ಟೋ ಸಲ ಹೋಗುತ್ತದೆ. ಅದಕ್ಕೆ ಒಂದೆರಡು ಸೆಕೆಂಡು ಸಿಗ್ನಲ್ ಸಿಕ್ಕರೆ ಸಾಕು. ನಾವು ಇಲ್ಲಿಂದ ಕಳಿಸಿದ್ದು ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಆ ಫೋನು ಮತ್ತೆ ಜಾಲಕ್ಕೆ ಬಂದಾಗ ತಾನಾಗಿ ತಲುಪುತ್ತದೆ. ಆದ್ದರಿಂದ ಇಪ್ಪತ್ತು ಸಲ ಕರೆ ಮಾಡುವ ಬದಲು ಒಂದೇ ಒಂದು ಸಂದೇಶ ಕಳುಹಿಸಿ ಸುಮ್ಮನಿರುವುದು ಒಳ್ಳೆಯದು. ಇಪ್ಪತ್ತು ಕರೆಗಳನ್ನು ತೆಗೆದುಕೊಳ್ಳುವಷ್ಟರಲ್ಲಿ ಉಳಿದಿದ್ದ ಚಾರ್ಜೂ ಮುಗಿಯುತ್ತದೆ.

ಲಡಾಖ್ ಅಥವಾ ಕಾಶ್ಮೀರಕ್ಕೆ ಹೊರಟವರು ಗಮನಿಸಬೇಕಾದ ಸಂಗತಿಯೊಂದುಂಟು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಲೇಹ್‌ನಲ್ಲಿ ವಿಮಾನ ಇಳಿದೊಡನೆ ಮಗಳ ಫೋನು ಸತ್ತಂತಾಗಿ ಮನೆಯವರು ಗಾಬರಿಯಾಗುವುದಕ್ಕೆ ಬಹಳ ಸಲ ಕಾರಣ ಇಷ್ಟೇ. ಉಪಗ್ರಹ ಫೋನನ್ನು ಕೊಂಡುಕೊಡೋಣವೆಂದು ಉತ್ಸಾಹಿ ಸೋದರಮಾವಂದಿರು ಹೇಳುವುದುಂಟು. ಸರ್ಕಾರದ ಅನುಮತಿಯಿಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಹೊರದೇಶಕ್ಕೆ ಹೋದವರ ವಿಷಯದಲ್ಲಿ ತೊಡಕು ಟವರಿನದಲ್ಲ, ಗಡಿಯಾರದ್ದು. ನಮ್ಮಲ್ಲಿ ವರ್ಷವಿಡೀ ಒಂದೇ ಸಮಯ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಅಮೆರಿಕದಲ್ಲಿ ಇದೇ ಕೆಲಸ ಮಾರ್ಚಿನ ಎರಡನೆಯ ಭಾನುವಾರ ಮತ್ತು ನವೆಂಬರಿನ ಮೊದಲನೆಯ ಭಾನುವಾರ ನಡೆಯುತ್ತದೆ. ಜರ್ಮನಿಯಲ್ಲಿ ಓದುವ ಹುಡುಗಿ ತನ್ನ ಸಂಜೆ ಆರು ಗಂಟೆಗೆ ಮನೆಗೆ ಫೋನು ಮಾಡುವವಳೆಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದು ಇಲ್ಲಿ ರಾತ್ರಿ ೯-೩೦ಕ್ಕೆ ಬರುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಅವಳು ಎಂದಿನಂತೆ ಆರು ಗಂಟೆಗೇ ಮಾಡಿದರೂ ಇಲ್ಲಿ ೧೦-೩೦ ಆಗಿರುತ್ತದೆ. ನಡುವಿನ ಆ ಒಂದು ಗಂಟೆ ಮನೆಯಲ್ಲಿ ಏನೇನು ಯೋಚನೆ ಬರುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮ ರಾತ್ರಿ ಒಂಬತ್ತು ಗಂಟೆಯೆಂದರೆ ಲಂಡನ್ನಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ೩-೩೦, ಬೇಸಿಗೆಯಲ್ಲಿ ೪-೩೦. ನ್ಯೂಯಾರ್ಕಿನಲ್ಲಿ ಬೆಳಗಿನ ೧೦-೩೦ ಅಥವಾ ೧೧-೩೦. ಸಿಡ್ನಿಯಲ್ಲಂತೂ ನಡುರಾತ್ರಿ ಕಳೆದಿರುತ್ತದೆ. ಆದಕಾರಣ 'ಒಂಬತ್ತು ಗಂಟೆಗೆ' ಎಂದರೆ ಸಾಲದು. ಯಾರ ಗಡಿಯಾರದ ಒಂಬತ್ತು ಎಂಬುದನ್ನೂ ಗೊತ್ತುಮಾಡಬೇಕು. ಅವರ ಊರಿನ ಸಮಯ ತೋರಿಸುವ ಎರಡನೆಯ ಗಡಿಯಾರವೊಂದನ್ನು ಗೋಡೆಗೆ ತೂಗುಹಾಕಿಕೊಂಡ ಮನೆಗಳನ್ನು ಕಂಡಿದ್ದೇನೆ. ನೋಡುವವರಿಗೆ ಹುಡುಗಾಟವೆನಿಸಿದರೂ ಬಹಳ ಉಪಯುಕ್ತ.

ಹಾಗಾದರೆ ಹೊರಡುವ ಮುನ್ನ ಏನನ್ನು ಗೊತ್ತುಮಾಡಿಕೊಳ್ಳಬೇಕು? ಮುಖ್ಯವಾದದ್ದು, ಮೌನದ ಗಡುವು. ದಿನವೂ ಮಾತನಾಡಬೇಕೆಂಬ ಕಟ್ಟಳೆ ಹತ್ತು ದಿನ ನಡೆದೀತು, ಹನ್ನೊಂದನೆಯ ದಿನ ಮುರಿದೀತು. ಅದಕ್ಕಿಂತ, 'ದಿನಕ್ಕೊಂದು ಸಾಲಿನ ಸಂದೇಶ, ವಾರಕ್ಕೊಂದು ಮಾತುಕತೆ. ಬೆಟ್ಟದ ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಸಂಜೆ ಕೆಳಗಿಳಿದು ಕರೆ. ಆರನೆಯ ದಿನ ಮಧ್ಯಾಹ್ನದವರೆಗೂ ಸುದ್ದಿಯಿಲ್ಲದಿದ್ದರೆ ನೀವು ವಿಚಾರಿಸಿ' ಎಂಬಂಥ ಮಾತು ಎರಡು ಕಡೆಗೂ ಹಿತ. ಹುಡುಗನಿಗೆ ಸ್ವಾತಂತ್ರ್ಯವೂ ಸಿಕ್ಕಿತು, ಮನೆಯವರಿಗೆ ಐದು ದಿನದ ನಿದ್ರೆಯೂ ಸಿಕ್ಕಿತು. ಗಡುವನ್ನು ನಿಶ್ಚಯಿಸುವಾಗ ಪ್ರಯಾಣಿಕನ ಮಾತಿಗೂ ಬೆಲೆಯಿರಲಿ. ತಂದೆಯೊಬ್ಬರೇ ಹೇರಿದ ಗಡುವನ್ನು ಯಾವ ಮಗನೂ ಪಾಲಿಸುವುದಿಲ್ಲ.

ಜೊತೆಗೆ ಒಂದು ಹಾಳೆ ಮನೆಯಲ್ಲಿರಬೇಕು, ಕಾಗದದ ಹಾಳೆ. ಫೋನಿನಲ್ಲಿ ಇದ್ದದ್ದು ಫೋನು ಕಳೆದಾಗ ಹೋಗುತ್ತದೆ. ಜೊತೆಯಲ್ಲಿ ಹೋದವರಲ್ಲಿ ಇಬ್ಬರ ನಂಬರು, ಇಳಿದುಕೊಳ್ಳುವ ಸ್ಥಳಗಳ ಹೆಸರು, ರೈಲಿನ ಟಿಕೆಟ್ ಸಂಖ್ಯೆ, ವಿದೇಶವಾದರೆ ಪಾಸ್‌ಪೋರ್ಟಿನ ನಕಲು, ವೀಸಾದ ನಕಲು, ವಿಶ್ವವಿದ್ಯಾನಿಲಯದ ಕಚೇರಿಯ ಮತ್ತು ಅಲ್ಲಿನ ನಮ್ಮ ರಾಯಭಾರ ಕಚೇರಿಯ ತುರ್ತು ನಂಬರು. ಪ್ರಯಾಣಿಕನೂ ಮನೆಯ ಎರಡು ನಂಬರುಗಳನ್ನಾದರೂ ಬಾಯಿಪಾಠ ಮಾಡಿರಬೇಕು. ಈಗಿನ ಎಷ್ಟು ಮಕ್ಕಳಿಗೆ ತಾಯಿಯ ನಂಬರು ನೆನಪಿದೆ, ಕೇಳಿ ನೋಡಿ! ವಿದೇಶದಲ್ಲಿರುವವರು ಇಲ್ಲಿನ ಸಿಮ್ಮಿಗೆ ಹಣ ಹಾಕಿ ಜೀವಂತವಾಗಿಡುವುದೂ ಅಗತ್ಯ. ಬ್ಯಾಂಕಿನ ಗುಪ್ತ ಸಂಖ್ಯೆ ಬರುವುದು ಬಹುಮಟ್ಟಿಗೆ ಅದಕ್ಕೇ.

ರಾಯಭಾರ ಕಚೇರಿಯಲ್ಲಿ ಹೆಸರು ಬರೆಸುವುದನ್ನು ಅನೇಕರು ವ್ಯರ್ಥ ಕೆಲಸವೆಂದೆಣಿಸುತ್ತಾರೆ. ೨೦೨೨ರ ಫೆಬ್ರವರಿ ೨೪ರಂದು ಉಕ್ರೇನಿನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ವೈದ್ಯಕೀಯ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳಲ್ಲಿ ನಮ್ಮ ರಾಜ್ಯದವರೂ ಅನೇಕರಿದ್ದರು. ಅದಕ್ಕೆ ಸುಮಾರು ಒಂದು ತಿಂಗಳು ಮೊದಲೇ ಕೀವ್ ನಗರದ ಭಾರತೀಯ ರಾಯಭಾರ ಕಚೇರಿ ಎಲ್ಲರೂ ಹೆಸರು ನೋಂದಾಯಿಸುವಂತೆ ಕೇಳಿಕೊಂಡಿತ್ತು. ನೆಲಮಾಳಿಗೆಗಳಲ್ಲಿ, ಸುರಂಗ ರೈಲಿನ ನಿಲ್ದಾಣಗಳಲ್ಲಿ ಆಶ್ರಯ ಪಡೆದಿದ್ದವರಿಗೆ ಸಿಗ್ನಲೂ ಕಡಿಮೆ, ಚಾರ್ಜೂ ಕಡಿಮೆ. ಮನೆಯವರೊಡನೆ ಅರ್ಧ ಗಂಟೆ ವಿಡಿಯೋದಲ್ಲಿ ಮಾತನಾಡುವುದಕ್ಕಿಂತ, ಎಲ್ಲಿದ್ದೇನೆ, ಎಷ್ಟು ಜನ ಜೊತೆಗಿದ್ದೇವೆ, ಮುಂದೆ ಎತ್ತ ಹೊರಡುತ್ತೇವೆ ಎಂಬ ಮೂರು ಸಾಲಿನ ಸಂದೇಶಕ್ಕೆ ಅಂಥ ವೇಳೆಯಲ್ಲಿ ಬೆಲೆ ಹೆಚ್ಚು. 'ಆಪರೇಷನ್ ಗಂಗಾ' ಎಂಬ ಹೆಸರಿನಲ್ಲಿ ಸರ್ಕಾರ ಅವರನ್ನು ನೆರೆಯ ದೇಶಗಳ ಮೂಲಕ ಕರೆತಂದಾಗ, ಯಾರು ಎಲ್ಲಿದ್ದಾರೆಂಬ ಇಂಥ ವಿವರಗಳೇ ಬೇಕಾಗಿದ್ದವು.

ಗಡುವು ಮೀರಿತೆನ್ನೋಣ. ಆಗ ಸಂಕೋಚ ಬೇಡ. ಮೊದಲು ಜೊತೆಯವರು, ಆಮೇಲೆ ತಂಗಿದ್ದ ಸ್ಥಳ ಅಥವಾ ಮಾರ್ಗದರ್ಶಕ, ಅಲ್ಲಿಯೂ ತಿಳಿಯದಿದ್ದರೆ ಪೊಲೀಸು. ನಮ್ಮ ದೇಶದೊಳಗೆ ೧೧೨ಕ್ಕೆ ಕರೆ ಮಾಡಬಹುದು. ಕಾಣೆಯಾದವರ ಬಗ್ಗೆ ದೂರು ಕೊಡಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಮಾತು ಜನಜನಿತವಾಗಿದ್ದರೂ ಅಂಥ ನಿಯಮವಿಲ್ಲ. ಹೊರದೇಶವಾದರೆ ವಿಶ್ವವಿದ್ಯಾನಿಲಯದ ಮೂಲಕ ಅಲ್ಲಿನ ಪೊಲೀಸರು ಕೊಠಡಿಗೆ ಹೋಗಿ ನೋಡಿಬರುವಂತೆ ಕೇಳಬಹುದು. ರಾಯಭಾರ ಕಚೇರಿಗೂ ತಿಳಿಸಬೇಕು. ವಿದೇಶಾಂಗ ಸಚಿವಾಲಯ ೨೦೧೫ರಲ್ಲಿ ಆರಂಭಿಸಿದ 'ಮದದ್' ಎಂಬ ಜಾಲತಾಣದಲ್ಲಿ ದೂರು ದಾಖಲಿಸಿದರೆ ಅದು ಯಾವ ಹಂತದಲ್ಲಿದೆಯೆಂದು ಮನೆಯಿಂದಲೇ ನೋಡಬಹುದು.

ಈಚಿನ ವರ್ಷಗಳಲ್ಲಿ ಮೋಸಗಾರರು ಈ ಆತಂಕವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಪರವೂರಿನಲ್ಲಿ ಮಗನಿರುವ ಮನೆಗೆ ಮಧ್ಯಾಹ್ನದ ಹೊತ್ತು ಕರೆ ಬರುತ್ತದೆ: 'ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ಅರ್ಧ ಗಂಟೆಯಲ್ಲಿ ಹಣ ಕಳುಹಿಸಿ, ಫೋನ್ ಇಡಬೇಡಿ'. ಹಿಂದಿನಿಂದ ಯಾರೋ ಅಳುವ ಧ್ವನಿಯೂ ಕೇಳುತ್ತದೆ. ಫೋನ್ ಇಡಬೇಡಿ ಎನ್ನುವುದು ಏತಕ್ಕೆಂದರೆ, ಇಟ್ಟರೆ ನೀವು ಮಗನಿಗೇ ಕರೆ ಮಾಡಿಬಿಡುತ್ತೀರಿ! ಆದ್ದರಿಂದ ಧಾರಾಳವಾಗಿ ಇಡಿ. ಮನೆಯವರಿಗಷ್ಟೇ ತಿಳಿದ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತುಮಾಡಿಟ್ಟರೆ ಇನ್ನೂ ಒಳ್ಳೆಯದು. ತಾತನ ಊರಿನ ಹಸುವಿನ ಹೆಸರಾದರೂ ಆದೀತು. ಅದನ್ನು ಹೇಳಲಾರದವನಿಗೆ ಒಂದು ಕಾಸೂ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ೧೯೩೦ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ಮನೆಯಿಂದ ಹೊರಗೆ ಹೋಗುವ ಸುದ್ದಿಯ ವಿಚಾರ. ಮಗು ದೂರದಲ್ಲಿದೆ, ಪರೀಕ್ಷೆ ಹತ್ತಿರ ಬಂದಿದೆ ಎಂದು ಅಜ್ಜಿ ಆಸ್ಪತ್ರೆ ಸೇರಿದ್ದನ್ನು ಮುಚ್ಚಿಡುವ ಪದ್ಧತಿ ನಮ್ಮಲ್ಲಿದೆ. ಉದ್ದೇಶ ಒಳ್ಳೆಯದೇ. ಆದರೆ ಒಂದು ಸಲ ಹೀಗೆ ಮುಚ್ಚಿಟ್ಟದ್ದು ತಿಳಿದುಬಂದರೆ, ಮುಂದೆ ನೀವು 'ಇಲ್ಲಿ ಎಲ್ಲರೂ ಕ್ಷೇಮ' ಎಂದಾಗಲೆಲ್ಲ ಆ ಕಡೆ ಅನುಮಾನ. ಅಲ್ಲಿ ಜ್ವರ ಬಂದಾಗ ಆ ಮಗುವೂ ನಿಮಗೆ ಹೇಳುವುದಿಲ್ಲ, ನಿಮ್ಮಿಂದಲೇ ಕಲಿತದ್ದು ತಾನೆ? ಅಜ್ಜಿಯ ವಿಷಯವನ್ನು ಅದೇ ದಿನ, ವೈದ್ಯರು ಹೇಳಿದಷ್ಟನ್ನು ಹೇಳಿದಷ್ಟೇ ತಿಳಿಸಿ, ಈಗಲೇ ಹೊರಟುಬರಬೇಕೋ ಬೇಡವೋ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಾದರೆ ಫೋನನ್ನು ಅಜ್ಜಿಯ ಕೈಗೇ ಕೊಡಿ.